ಕವಲುದಾರಿಯ ಸೊಪ್ಪು

ಸೆಪ್ಟೆಂಬರ್ 14, ಭಾನುವಾರ

ಈ ಪುಸ್ತಕ ಕೊಟ್ಟವಳು ನನ್ನ ತಂಗಿ ಮಗಳು ಅನುಶ್ರೀ. ಎಷ್ಟು ಓಡಿದ್ರಿ, ಏನು ತಿಂದ್ರಿ, ಎಲ್ಲಿ ನೋವು ಬಂತು, ಎಲ್ಲಾ ಬರೀರಿ ಮಾವ, ಯಾರೂ ಓದಲ್ಲ ಅಂದಳು. ಯಾರೂ ಓದದೇ ಇದ್ದಮೇಲೆ ಬರೆದು ಏನು ಬಂತು ಅಂತ ಕೇಳಿದ್ದಕ್ಕೆ ನಕ್ಕಳು. ಹೊಳೆನರಸೀಪುರದಲ್ಲಿ ಬ್ಯಾಂಕಿನ ಕೆಲಸ ಅವಳಿಗೆ. ಏನಿದ್ದರೂ ಬರೆದಿಡಬೇಕು ಅನ್ನೋ ಬುದ್ಧಿ ಅಲ್ಲಿಂದ ಬಂದಿದ್ದು.

ಇರಲಿ. ನಾನು ಓದಿದ್ದು ಊರಿನ ಶಾಲೇಲಿ ಏಳನೇ ಕ್ಲಾಸು, ಆಮೇಲೆ ಕಟ್ಟಾಯದ ಹೈಸ್ಕೂಲಲ್ಲಿ ಒಂದು ವರ್ಷ. ಆದರೂ ನನ್ನ ಕೈಬರಹ ಈಗಲೂ ಮುತ್ತು ಪೋಣಿಸಿದ ಹಾಗೆ. ಹಾಲಿನ ಡೈರಿ ಬೋರ್ಡಿನ ಮೇಲೆ ನಾನು ಬರೆಯೋ ಅಕ್ಷರ ನೋಡೋಕೇ ಜನ ನಿಲ್ಲುತ್ತಾರೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಸೆಕ್ರೆಟರಿ ನಾನೇ.

ಇವತ್ತು ಹದಿನೆಂಟು ಕಿಲೋಮೀಟರ್ ಓಡಿದೆ. ಐವತ್ತೇಳನೇ ವಯಸ್ಸಿಗೆ ಗುಡ್ಡದ ಮೇಲೆ ಹದಿನೆಂಟು ಕಿಲೋಮೀಟರ್ ಓಡೋ ಗಂಡಸು ಕಟ್ಟಾಯ ಹೋಬಳಿಯಲ್ಲಿ ಇನ್ನೊಬ್ಬ ಇದ್ದರೆ ಬಂದು ನಮ್ಮ ಡೈರಿ ಮುಂದೆ ನಿಲ್ಲಲಿ. ಅಮರನಾಥನ್ನ ಬಿಟ್ಟು. ಅವನು ಈಗ ಹಾಸನದವನು, ಲೆಕ್ಕಕ್ಕಿಲ್ಲ.

ನಾವು ನಾಲ್ಕು ಜನ. ನಾನು, ಅನುಶ್ರೀ, ಹಾಸನದ ಪಿ.ಟಿ. ಮೇಷ್ಟ್ರು ಪೃಥ್ವಿರಾಜ್, ಮತ್ತೆ ನನ್ನ ಜೊತೆ ಹೈಸ್ಕೂಲಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಅಮರನಾಥ. ನವೆಂಬರ್ ಕೊನೆಗೆ ಮೈಸೂರಿನಲ್ಲಿ ಮ್ಯಾರಥಾನ್ ಓಟ ಇದೆ, ನಲವತ್ತೆರಡು ಕಿಲೋಮೀಟರ್. ಅದಕ್ಕೆ ಈ ತಯಾರಿ. ಪ್ರತಿ ಭಾನುವಾರ ಬೆಳಕು ಹರಿಯೋ ಮುಂಚೆ ಅವರು ಮೂವರೂ ಕಾರಲ್ಲಿ ನಮ್ಮೂರಿಗೆ ಬಂದು ಡೈರಿ ಮುಂದೆ ದೇವಣ್ಣ ಅಂತ ನನ್ನ ಹೆಸರು ಹಿಡಿದು ಕೂಗುತ್ತಾರೆ. ಡೈರಿ ಕೆಲಸ ನನ್ನ ಹೆಂಡತಿ ಪ್ರೇಮಕುಮಾರಿಗೆ ಒಪ್ಪಿಸಿ ನಾನು ಹೊರಡುತ್ತೇನೆ. ನಮ್ಮ ಕರೇಕಲ್ಲು ಗುಡ್ಡ ಇಲ್ಲದೇ ಇದ್ದರೆ ಇವರೆಲ್ಲ ಹಾಸನದ ಟಾರು ರಸ್ತೇಲಿ ಹೊಗೆ ಕುಡೀತಾ ಓಡಬೇಕಿತ್ತು.

ಮೇಷ್ಟ್ರು ಮೊದಲ ದಿನ ಫೋನಿನಲ್ಲಿ ನಕ್ಷೆ ನೋಡಿಕೊಂಡು ಓಡೋಣ ಅಂದರು. ಗುಡ್ಡದ ಮೇಲೆ ಸಿಗ್ನಲ್ ಎಲ್ಲಿ ಬರಬೇಕು. ನಾನು ಅವರಿಗೆ ನಮ್ಮ ದನ ಕಾಯೋರ ಪದ್ಧತಿ ಹೇಳಿಕೊಟ್ಟೆ. ದಾರಿ ಕವಲು ಒಡೆಯೋ ಕಡೆ ಮುಂದೆ ಹೋದವನು ಒಂದು ಹಸಿ ಸೊಪ್ಪಿನ ರೆಂಬೆ ಮುರಿದು, ಹೋಗಬಾರದ ದಾರಿಗೆ ಅಡ್ಡ ಹಾಕಬೇಕು. ಹಿಂದೆ ಬರೋನು ಸೊಪ್ಪು ದಾಟಬಾರದು. ಅಷ್ಟೇ. ನನ್ನ ಅಪ್ಪ, ಅವರಪ್ಪ ಎಲ್ಲರೂ ಹಂಗೇ ಓಡಾಡಿದ್ದು. ಮೇಷ್ಟ್ರು ಕೈ ಮುಗಿದು ಒಪ್ಪಿಕೊಂಡರು.

ಇವತ್ತು ಅಮರ ನನಗಿಂತ ಮೊದಲು ಮುಟ್ಟಿದ. ನನ್ನ ಶೂ ಒಳಗೆ ಕಲ್ಲು ಹೋಗಿತ್ತು.

ಸೆಪ್ಟೆಂಬರ್ 28, ಭಾನುವಾರ

ಇಪ್ಪತ್ತನಾಲ್ಕು ಕಿಲೋಮೀಟರ್. ಅಮರ ಮತ್ತೆ ಮುಂದೆ. ಸತತ ಮೂರನೇ ವಾರ. ಮೇಷ್ಟ್ರೂ ಅನುಶ್ರೀಯೂ ಚಿಕ್ಕ ವಯಸ್ಸಿನವರು, ಅವರು ಮುಂದೆ ಹೋದರೆ ಬೇಜಾರಿಲ್ಲ. ಮುದುಕರಲ್ಲಿ ಮೊದಲನೆಯವನು ನಾನಾಗಬೇಕು ತಾನೇ. ಗುಡ್ಡ ನಂದು, ಸೊಪ್ಪಿನ ಪದ್ಧತಿ ನಂದು, ಮೊದಲು ಬರೋದು ಪೇಂಟ್ ಅಂಗಡಿ ಸಾಹುಕಾರ.

ಬೇವಿನ ಮರದ ಕೆಳಗೆ ಕೂತು ಬಾಳೆಹಣ್ಣು ತಿನ್ನುವಾಗ, ಯಾಕೋ ದೇವ, ಹಾಲಿಗೆ ನೀರು ಹಾಕಿದಂಗೆ ಓಡ್ತೀಯ ಅಂದ ಅಮರ. ಅನುಶ್ರೀ ನಗುತ್ತಾ ಕೆಮ್ಮಿದಳು. ನಾನೂ ಬಿಡಲಿಲ್ಲ. ನಿನ್ನ ಅಂಗಡಿ ಪೇಂಟಿಗಿಂತ ನಮ್ಮ ಹಾಲೇ ಗಟ್ಟಿ ಬುಡ್ಲಾ ಅಂದೆ. ಆದರೂ ಒಳಗೆ ಚುರ್ ಅಂತು.

ಅಮರನ ಬಗ್ಗೆ ಒಂದು ಮಾತು ಒಪ್ಪಬೇಕು. ಹಾಸನದ ಅವನ ಪೇಂಟು, ಹಾರ್ಡ್‌ವೇರ್ ಅಂಗಡೀಲಿ ಮುನ್ನೂರು ಡಬ್ಬಿ ಇರಬಹುದು, ಒಂದಕ್ಕೂ ಚೀಟಿ ಇಲ್ಲ. ಒಂದೂವರೆ ಇಂಚಿನ ಹಿತ್ತಾಳೆ ಸ್ಕ್ರೂ ಕೇಳಿದರೆ ತಿರುಗಿ ನೋಡದೆ ಕೈ ಹಾಕಿ ತೆಗೆಯುತ್ತಾನೆ. ನೆನಪು ಅಂದರೆ ಅವನದು. ಅದರ ಹಿಂದೆ ಒಂದು ಭಯವೂ ಇದೆ. ಅವರ ತಂದೆ ಪಂಚಾಕ್ಷರಯ್ಯನವರಿಗೆ ಅರವತ್ತಕ್ಕೇ ಮರೆವು ಹತ್ತಿ, ಒಂದು ದಿನ ಮನೆಯಿಂದ ಎದ್ದು ಹೋದವರು ಎರಡು ದಿನ ಬಿಟ್ಟು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಗ ಎದುರಿಗೆ ನಿಂತರೆ ಯಾರಪ್ಪ ನೀನು, ಯಾವೂರು ಅಂತ ಕೇಳಿದರಂತೆ. ಅಮರನಿಗೆ ಈಗ ಐವತ್ತೆಂಟು. ಓಡಿದರೆ ತಲೆಗೆ ರಕ್ತ ಚೆನ್ನಾಗಿ ಹೋಗುತ್ತೆ ಅಂತ ಯಾರೋ ಡಾಕ್ಟರು ಹೇಳಿದ ಮೇಲೆ ಅವನು ಓಟ ಹಿಡಿದಿದ್ದು. ನಾನು ಹಿಡಿದಿದ್ದು ಅವನು ಹಿಡಿದ ಅಂತ.

ಮುಂದಿನ ವಾರ ಮೂವತ್ತು. ನೋಡ್ಕೋತೀನಿ.

ಅಕ್ಟೋಬರ್ 5, ಭಾನುವಾರ

ಮೂವತ್ತು ಕಿಲೋಮೀಟರ್ ಅಂದುಕೊಂಡಿದ್ದು ಇಪ್ಪತ್ತೆರಡಕ್ಕೇ ನಿಂತಿತು. ಅಷ್ಟರಲ್ಲಿ ಮುದುಕರಲ್ಲಿ ಮೊದಲನೆಯವನು ನಾನೇ. ಇದನ್ನ ಬರೆದಿಟ್ಟು ಉಳಿದದ್ದು ಬರೆಯುತ್ತೇನೆ. ಯಾರೂ ಓದಲ್ಲವಲ್ಲ.

ಹತ್ತೊಂಬತ್ತನೇ ಕಿಲೋಮೀಟರಿಗೆ ಎರಡನೇ ಗುಡ್ಡದ ನೆತ್ತಿ. ಅಲ್ಲಿ ದಾರಿ ಎರಡಾಗುತ್ತೆ. ಎಡಗಡೆ ಇಳಿದರೆ ಮೂರು ಕಿಲೋಮೀಟರಿಗೆ ಕೆರೆ ಏರಿ, ಅಲ್ಲಿ ನೀರು, ಬಾಳೆಹಣ್ಣು ಇಟ್ಟುಕೊಂಡು ಟೆಂಪೋ ನಿಂತಿರುತ್ತೆ. ಬಲಗಡೆ ಇಳಿದರೆ ನೀಲಗಿರಿ ತೋಪು, ಏಳೆಂಟು ಕಿಲೋಮೀಟರ್ ಒಂದು ಮನೆ ಇಲ್ಲ, ಒಂದು ತೊಟ್ಟು ನೀರಿಲ್ಲ. ಮುಂದೆ ಹೋದ ಅನುಶ್ರೀ ಬಲದ ದಾರಿಗೆ ತಂಗಡಿ ರೆಂಬೆ ಅಡ್ಡ ಹಾಕಿ ಹೋಗಿದ್ದಳು. ಸರಿಯಾಗೇ ಹಾಕಿದ್ದಳು.

ಇವತ್ತು ಅಮರನಿಗಿಂತ ನಾನು ಮುಂದಿದ್ದೆ, ಆದರೆ ಹಿಂದೆ ಅವನ ಉಸಿರು ಕೇಳಿಸ್ತಿತ್ತು. ಇಳಿಜಾರಲ್ಲಿ ಅವನು ನನ್ನ ಹಿಡಿದೇ ಹಿಡೀತಾನೆ. ನೆತ್ತಿಗೆ ಬಂದಾಗ ಅವನಿನ್ನೂ ಬಂಡೆ ತಿರುವಿನ ಆಚೆ. ಕಾಲಿಂದ ರೆಂಬೆಯನ್ನ ಬಲದಿಂದ ಎಡಕ್ಕೆ ತಳ್ಳಿದೆ. ಅದರ ಮೇಲೆ ಹಾರಿ ಎಡಕ್ಕೇ ಓಡಿದೆ.

ಒಂದು ಫರ್ಲಾಂಗು ಹೋಗ್ತಾನೆ, ನೀಲಗಿರಿ ಮರ ಕಾಣ್ತಲೂ ದಾರಿ ತಪ್ಪಿತು ಅಂತ ಬೈಕೊಂಡು ವಾಪಸ್ ಬರ್ತಾನೆ, ಅಷ್ಟರಲ್ಲಿ ನಾನು ಟೆಂಪೋ ಹತ್ತಿರ ಎರಡು ಬಾಳೆಹಣ್ಣು ಮುಗಿಸಿರ್ತೀನಿ. ಇಷ್ಟೇ ನನ್ನ ತಲೇಲಿದ್ದದ್ದು. ಹೈಸ್ಕೂಲಲ್ಲಿ ಅವನ ಟಿಫಿನ್ ಡಬ್ಬೀಲಿ ಓತಿಕ್ಯಾತ ಬಿಟ್ಟವನು ನಾನು. ಇದು ಅದಕ್ಕಿಂತ ದೊಡ್ಡದು ಅಂತ ಅನಿಸಲೇ ಇಲ್ಲ.

ಬಾಳೆಹಣ್ಣು ಮುಗಿಯಿತು. ಅರ್ಧ ಗಂಟೆ ಆಯಿತು. ಮುಕ್ಕಾಲು ಗಂಟೆ ಆಯಿತು. ಮೇಷ್ಟ್ರು ವಾಚು ನೋಡೋಕೆ ಶುರು ಮಾಡಿದರು. ಬಿಸಿಲು ಏರ್ತಾ ಇತ್ತು. ಮಳೆ ಬಿಟ್ಟ ಮೇಲಿನ ಬಿಸಿಲು, ಚರ್ಮ ಸುಲಿಯುತ್ತೆ. ನಾನು ನೋಡ್ಕೊಂಡು ಬತ್ತೀನಿ ಅಂತ ಎಲ್ಲರಿಗಿಂತ ಮೊದಲು ಗುಡ್ಡ ಹತ್ತಿದೆ.

ನೆತ್ತಿಗೆ ಹೋಗಿ ನಾನು ಮೊದಲು ಮಾಡಿದ್ದು ಅಮರನ ಹೆಸರು ಕೂಗಿದ್ದಲ್ಲ. ಸೊಪ್ಪನ್ನ ಎಡದಿಂದ ಎತ್ತಿ ಮತ್ತೆ ಬಲಕ್ಕೆ ಹಾಕಿದೆ. ಆಮೇಲೆ ಕೂಗಿದೆ.

ಹಿಂದೆ ಬಂದ ಅನುಶ್ರೀ ಸೊಪ್ಪು ನೋಡಿದಳು. ತಾನು ಹಾಕಿದ ಜಾಗದಲ್ಲೇ ಇದೆ. ಹಾಗಾದ್ರೆ ಅಮರ್ ಅಂಕಲ್ ಇದನ್ನ ದಾಟ್ಕೊಂಡು ಹೋದ್ರಾ ಮಾವ ಅಂದಳು.

ಇರಬೌದು ಅಂದೆ.

ಸಿಕ್ಕಿದಾಗ ಹನ್ನೊಂದೂವರೆ. ತೋಪಿನ ಆಚೆ ಮಣ್ಣು ರಸ್ತೆ ಪಕ್ಕ ಒಂದು ಮೋರಿ ಮೇಲೆ ಕೂತಿದ್ದ. ಮೈ ಸುಡ್ತಾ ಇತ್ತು, ಬೆವರು ನಿಂತುಹೋಗಿತ್ತು. ನನ್ನ ಮುಖ ನೋಡಿ ಇದು ಯಾವೂರು ಅಂತ ಕೇಳಿದ. ಮೇಷ್ಟ್ರು ಅವನ ಪ್ರಜ್ಞೆ ಇದೆಯಾ ಇಲ್ವಾ ಅಂತ ನೋಡೋಕೆ ಮೊಮ್ಮಗಳ ಹೆಸರೇನು ಸಾರ್ ಅಂದರು. ಬಾಯಿ ತೆರೆದ. ಬರಲಿಲ್ಲ. ಮತ್ತೆ ತೆರೆದ. ನಿಧಿ ಅನ್ನೋ ಎರಡು ಅಕ್ಷರ.

ಹಾಸನದ ಆಸ್ಪತ್ರೇಲಿ ಡ್ರಿಪ್ ಹಾಕಿದ್ದಾರೆ. ಮೈಯಲ್ಲಿ ಉಪ್ಪು, ನೀರು ಕಮ್ಮಿಯಾಗಿದೆ, ಎರಡು ದಿನದಲ್ಲಿ ಸರಿಹೋಗ್ತಾರೆ ಅಂದರು ಡಾಕ್ಟರು. ಸರಿಹೋಗ್ತಾನೆ. ಸರಿಹೋದ ಮೇಲೆ ಹೇಳಿದರೆ ಆಯಿತು. ಇಬ್ಬರೂ ನಗಬಹುದು.

ಅಕ್ಟೋಬರ್ 7, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆ. ಅಮರ ಎದ್ದು ಕೂತಿದ್ದ, ಎಳನೀರು ಕುಡೀತಿದ್ದ. ಅವನ ಹೆಂಡತಿ ನೀಲಾಂಬಿಕೆ, ಅನುಶ್ರೀ ಇಬ್ಬರೂ ಇದ್ದರು. ತಮಾಷೆಯಾಗಿ ಶುರು ಮಾಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅನುಶ್ರೀನ ಕೇಳಿದ, ಸೊಪ್ಪು ಯಾವ ಕಡೆ ಹಾಕಿದ್ದೆ ಮಗಾ ಅಂತ. ಬಲಕ್ಕೆ ಅಂಕಲ್, ನಾನೇ ಹಾಕಿದ್ದು, ಆಮೇಲೆ ಹೋದಾಗಲೂ ಬಲಕ್ಕೇ ಇತ್ತು ಅಂದಳು. ಪಾಪ, ಅವಳು ಕಂಡಿದ್ದನ್ನ ಹೇಳಿದಳು.

ನನ್ನ ಕಣ್ಣಿಗೆ ಎಡಕ್ಕೆ ಕಂಡಿತು, ಅದನ್ನೇ ನಂಬಿ ಬಲಕ್ಕೆ ಇಳಿದೆ ಅಂದ ಅಮರ. ಆಮೇಲೆ ಕಿಟಕಿ ಕಡೆ ತಿರುಗಿ, ಅಪ್ಪಂಗೂ ಹಿಂಗೇ ಶುರುವಾಗಿದ್ದು ಅಂದ.

ನೀಲಾಂಬಿಕೆ ಎಳನೀರಿನ ಲೋಟ ತೊಳೆಯೋಕೆ ಅಂತ ಎದ್ದು ಹೋದರು. ನಾನು ಬಸ್ಸಿಗೆ ಹೊತ್ತಾಯ್ತು ಅಂದೆ.

ಅಕ್ಟೋಬರ್ 13, ಸೋಮವಾರ

ಎಂಟು ಕಿಲೋಮೀಟರ್, ಒಬ್ಬನೇ. ಚೆನ್ನಾಗಿ ಓಡಿದೆ.

ಡೈರಿಗೆ ಒಂದು ಬೀಗ ಬೇಕಿತ್ತು. ಕಟ್ಟಾಯದಲ್ಲೂ ಸಿಗ್ತದೆ, ಆದರೂ ಹಾಸನಕ್ಕೆ ಹೋದೆ. ಹಾಸನಾಂಬೆ ದರ್ಶನದ ಜನ, ಬಸ್ ಸ್ಟ್ಯಾಂಡಿಂದ ಅಮರನ ಅಂಗಡಿ ತಲುಪೋಕೆ ಅರ್ಧ ಗಂಟೆ ಆಯಿತು. ಗಲ್ಲಾದಲ್ಲಿ ಅವನ ಸೊಸೆ ಶಿವರಂಜನಿ ಕೂತಿದ್ದಳು. ಅಮರ ಸ್ಟೂಲ್ ಮೇಲೆ ನಿಂತು ಡಬ್ಬಿಗಳಿಗೆ ಚೀಟಿ ಅಂಟಿಸ್ತಿದ್ದ. ಒಂದೂವರೆ ಇಂಚು ಹಿತ್ತಾಳೆ. ಎರಡಿಂಚು ಕಬ್ಬಿಣ. ನೀಲಿ ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ. ಅರ್ಧ ಗೋಡೆ ಮುಗಿದಿತ್ತು.

ಏನೋ ಇದು ಅಂದೆ. ಮುಂದಕ್ಕೆ ಸೊಸೆಗೆ ಅನುಕೂಲ ಆಗ್ಲಿ ಅಂತ ಅಂದ. ನನ್ನ ಕೈಗೆ ಬೀಗ ಕೊಟ್ಟವನು ಯಾಕೆ ಬಂದಿದ್ದೆ ಅಂತ ಕೇಳಿದ. ಬೀಗಕ್ಕೆ ಅಂದೆ. ಹೌದಲ್ಲ, ಕೊಟ್ಟೆನಲ್ಲ ಅಂತ ನಕ್ಕ. ಈ ತರದ್ದು ಎಲ್ಲರಿಗೂ ಆಗುತ್ತೆ. ನನಗೆ ದಿನಾ ಆಗುತ್ತೆ. ಆದರೆ ಅವನು ತಕ್ಷಣ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡ.

ಸ್ಕೂಟರ್ ಓಡಿಸೋದು ಬಿಟ್ಟಿದ್ದಾನಂತೆ. ಶಿವರಂಜನಿ ಹೇಳಿದಳು.

ಅಕ್ಟೋಬರ್ 22, ಬುಧವಾರ

ಬಲಿಪಾಡ್ಯಮಿ. ಬೆಳಿಗ್ಗೆ ಡೈರಿ ಮುಗಿಸಿ, ಒಂದು ಸೇರು ಗಿಣ್ಣು ಹಾಲು ತಗೊಂಡು ಅಮರನ ಮನೆಗೆ ಹೋದೆ. ಇವತ್ತು ಹೇಳಿಯೇ ಬರಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಮರ, ಒಂದು ತಮಾಷೆ ಆಯ್ತು ಕಣೋ. ಬೇಡ, ತಮಾಷೆ ಬೇಡ. ಅಮರ, ಒಂದು ತಪ್ಪು ಆಯ್ತು. ಆಯ್ತು ಅಂದರೆ ತಾನಾಗೇ ಆದಂಗೆ. ಅಮರ, ನಾನು ಒಂದು ತಪ್ಪು ಮಾಡಿದೆ. ಶಾಂತಿಗ್ರಾಮದಿಂದ ಬಂದ ಬೀಗರು ಜಗುಲಿ ತುಂಬಾ ಕೂತಿದ್ದರು. ಅವರ ಮುಂದೆ ನನ್ನ ಬಾಯಿ ತಾನಾಗೇ ಬೇರೆ ಕಡೆ ಓಡಿತು. ಗುಡ್ಡದಲ್ಲಿ ನನಗೆ ಚಿರತೆ ಎದುರಾದ ಕಥೆ ಆಣೆ ಮಾಡಿ ಹೇಳಿದೆ. ಚಿರತೆ ಎದುರಾಗಿದ್ದು ನನಗಲ್ಲ, ನಮ್ಮೂರ ಚನ್ನಪ್ಪನಿಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಮರನೂ ನಕ್ಕ, ಆದರೆ ಮಧ್ಯೆ ಮಧ್ಯೆ ನನ್ನನ್ನೇ ನೋಡ್ತಿದ್ದ. ಈ ಕಥೆ ಮೊದಲೇ ಕೇಳಿದ್ದೀನಾ, ಇಲ್ವಾ ಅಂತ ಹುಡುಕ್ತಿದ್ದ ಅನಿಸುತ್ತೆ.

ಹೊರಡುವಾಗ ನೀಲಾಂಬಿಕೆ ಒಂದು ಮಾತು ಹೇಳಿದರು. ಬೀರುವಿನ ಬೀಗದ ಕೈ, ಬ್ಯಾಂಕಿನ ಕಾಗದ, ಯಾವುದು ಎಲ್ಲಿದೆ ಅಂತ ಎಲ್ಲಾ ನನಗೆ ಒಪ್ಪಿಸ್ತಾ ಇದ್ದಾರೆ ದೇವಣ್ಣ, ದೂರ ಊರಿಗೆ ಹೋಗೋರ ಹಂಗೆ. ಡಾಕ್ಟರು ತಲೆ ಸ್ಕ್ಯಾನ್ ಮಾಡಿ ಏನೂ ಇಲ್ಲ ಅಂದರೂ ನಂಬಲಿಲ್ಲವಂತೆ. ಅಪ್ಪಂಗೂ ಮೊದಮೊದಲು ಏನೂ ಇಲ್ಲ ಅಂದಿದ್ರು ಅಂತಾನಂತೆ.

ಗಿಣ್ಣಿನ ಪಾತ್ರೆ ವಾಪಸ್ ತರೋದು ಮರೆತೆ.

ನವೆಂಬರ್ 2, ಭಾನುವಾರ

ಮೂವತ್ತೆರಡು ಕಿಲೋಮೀಟರ್. ಮುದುಕರಲ್ಲಿ ಮೊದಲು. ಮುದುಕರಲ್ಲಿ ಒಬ್ಬನೇ.

ಮ್ಯಾರಥಾನಿಗೆ ಬರಲ್ಲ ಅಂತ ಅಮರ ಮೇಷ್ಟ್ರಿಗೆ ಫೋನ್ ಮಾಡಿದನಂತೆ. ಹೋದ ವರ್ಷ ಮಂಡಿ ನೋವು ಅಂತ ಬಿಟ್ಟಿದ್ದ, ಅರವತ್ತು ತುಂಬೋ ಮುಂಚೆ ಒಂದು ಸಲ ಓಡಿಯೇ ತೀರ್ತೀನಿ ಅಂತಿದ್ದ. ನೆತ್ತಿಯ ಕವಲಿನಲ್ಲಿ ನಿಂತು ಅನುಶ್ರೀ ಕಣ್ಣು ಒರೆಸಿಕೊಂಡಳು. ನಾನು ಇನ್ನೂ ದೊಡ್ಡ ರೆಂಬೆ ಹಾಕಿದ್ರೆ ಕಾಣ್ತಿತ್ತೇನೋ ಮಾವ ಅಂದಳು.

ನಿನ್ನ ತಪ್ಪಲ್ಲ ಕಣವ್ವ ಅಂದೆ. ಅಷ್ಟೇ ಹೇಳಿ ಎಡದ ದಾರಿ ಇಳಿದೆ.

ನವೆಂಬರ್ 9, ಭಾನುವಾರ

ಓಟಕ್ಕೆ ಹೋಗಲಿಲ್ಲ. ಜ್ವರ ಅಂದೆ. ಸೀದಾ ಬಸ್ಸು ಹತ್ತಿ ಅಮರನ ಮನೆಗೆ ಹೋದೆ.

ಹಿತ್ತಲಲ್ಲಿ ದಾಸವಾಳದ ಗಿಡಕ್ಕೆ ನೀರು ಹಾಕ್ತಿದ್ದ. ನಾನು ಸುತ್ತು ಬಳಸಲಿಲ್ಲ. ಸೊಪ್ಪು ಎಡಕ್ಕೆ ಇದ್ದದ್ದು ನಿಜ, ನಿನ್ನ ಕಣ್ಣು ಸರಿಯಾಗೇ ನೋಡಿತು, ತಳ್ಳಿದವನು ನಾನು, ನಿನಗಿಂತ ಮುಂದೆ ಬರೋಕೆ ತಳ್ಳಿದೆ, ಆಮೇಲೆ ಹೋಗಿ ಬಲಕ್ಕೆ ಇಟ್ಟವನೂ ನಾನೇ ಅಂದೆ. ಒಂದೇ ಉಸಿರಿಗೆ.

ಅಮರ ಕೊಳಾಯಿ ನಿಲ್ಲಿಸಿದ. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು.

"ಸುಳ್ಳು ಹೇಳೋದ್ರಲ್ಲಿ ನೀನು ಮೊದಲಿಂದ್ಲೂ ಗಟ್ಟಿಗ ಕಣೋ ದೇವ. ಆದ್ರೆ ನನಗೋಸ್ಕರ ಹೇಳಿದ್ದು ಇದೇ ಮೊದಲು."

ಆಣೆ ಮಾಡಿದೆ. ನನ್ನ ಹೆಂಡತಿ ಮೇಲೆ, ಹೊಟ್ಟೆ ತುಂಬಿಸೋ ಡೈರಿ ಮೇಲೆ. ಚಿರತೆ ಕಥೆಗೂ ಆಣೆ ಮಾಡಿದ್ದೆ ಅಂತ ನೆನಪಿಸಿದ. ಕಾಫಿ ಕುಡಿಸಿ, ಬೆನ್ನು ತಟ್ಟಿ ಕಳಿಸಿದ. ನನ್ನ ಬದುಕಲ್ಲಿ ನನಗೆ ಅಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.

ಗೇಟಿನ ಹತ್ತಿರ ನೀಲಾಂಬಿಕೆ ನಿಂತಿದ್ದರು. ಅಡಿಗೆಮನೆ ಕಿಟಕಿಯಿಂದ ಎಲ್ಲಾ ಕೇಳಿಸಿತ್ತು. ಅವರು ನಂಬಿದ್ದರು. ಮುಖ ನೋಡಿದರೆ ಗೊತ್ತಾಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಬ್ಬರೇ ಬಂದು ಕಿವೀಲಿ ಹೇಳಿದ್ರೆ ಅವರಿಗೆ ಅದು ಕರುಣೆ ಥರ ಕೇಳ್ಸುತ್ತೆ ದೇವಣ್ಣ. ನಾಲ್ಕು ಜನದ ಮುಂದೆ ನೀವು ನಿಮ್ಮನ್ನ ಕಡಿಮೆ ಮಾಡ್ಕೊಂಡಿದ್ದು ಅವರು ಯಾವತ್ತಾದ್ರೂ ಕಂಡಿದ್ದಾರಾ?"

ಕಂಡಿಲ್ಲ. ಯಾರೂ ಕಂಡಿಲ್ಲ.

ನವೆಂಬರ್ 12, ಬುಧವಾರ

ಓಡಲಿಲ್ಲ.

ಮೇಷ್ಟ್ರು ಫೋನ್ ಮಾಡಿದ್ದರು. ಈ ಭಾನುವಾರದ್ದು ಮ್ಯಾರಥಾನಿಗೆ ಮುಂಚಿನ ಕೊನೇ ದೊಡ್ಡ ಓಟ. ಓಟ ಆದಮೇಲೆ ಕಟ್ಟಾಯದ ಚಿಕ್ಕಲಕ್ಷ್ಮಮ್ಮನ ಹೋಟೆಲಿನಲ್ಲಿ ಎಲ್ಲರಿಗೂ ತಿಂಡಿ, ನನಗೆ ಒಂದು ಪೇಟ, ಶಾಲು. ಗುಡ್ಡದ ದಾರಿ ತೋರಿಸಿದ ಗುರುಗಳು ನೀವು ಅಂದರು. ಬೇಡ ಅನ್ನೋಕೆ ಬಾಯಿ ತೆರೆದವನು ಆಗಲಿ ಅಂದೆ. ಆಮೇಲೆ ನೀಲಾಂಬಿಕೆಗೆ ಫೋನ್ ಮಾಡಿ, ಹೇಗಾದರೂ ಮಾಡಿ ಭಾನುವಾರ ಅವನನ್ನ ಕರ್ಕೊಂಡು ಬನ್ನಿ ಅಂದೆ.

ಪ್ರೇಮಳಿಗೆ ಇವತ್ತು ಎಲ್ಲಾ ಹೇಳಿದೆ. ಹಾಲಿನ ಕ್ಯಾನು ತೊಳೀತಿದ್ದವಳು ತೊಳೀತಾನೇ ಇದ್ದಳು. ಕೊನೆಗೆ, ಹೇಳ್ಬುಟ್ಟು ಮನೆಗೆ ಬನ್ನಿ, ಅನ್ನ ಮಾಡಿರ್ತೀನಿ ಅಂದಳು. ಮೂವತ್ತು ವರ್ಷದಲ್ಲಿ ಅವಳು ನನ್ನ ಯಾವ ಕಥೆಯನ್ನೂ ಇಷ್ಟು ಸಲೀಸಾಗಿ ನಂಬಿರಲಿಲ್ಲ.

ನವೆಂಬರ್ 16, ಭಾನುವಾರ

ಎಷ್ಟು ಓಡಿದೆ ಅಂತ ನೋಡಲಿಲ್ಲ.

ಹೋಟೆಲಿನಲ್ಲಿ ನಮ್ಮವರಲ್ಲದೆ ಊರವರು ಹತ್ತು ಹನ್ನೆರಡು ಜನ ಇದ್ದರು. ಎಲ್ಲರೂ ನನ್ನ ಡೈರಿಗೆ ಹಾಲು ಹಾಕೋರೇ, ಇಲ್ಲ ಅವರ ನೆಂಟರು. ಅಮರನೂ ನೀಲಾಂಬಿಕೆಯೂ ಆಟೋದಲ್ಲಿ ಬಂದು ಮೂಲೆ ಬೆಂಚಲ್ಲಿ ಕೂತರು. ಅಮರ ನನ್ನ ನೋಡಿ ಕೈ ಎತ್ತಿದ. ಮೇಷ್ಟ್ರು ನನ್ನ ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಈ ಸೊಪ್ಪಿನ ಪದ್ಧತಿ ಹೇಳಿಕೊಟ್ಟ ಹಿರಿಯರು ಎರಡು ಮಾತಾಡಬೇಕು ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಚನ್ನಪ್ಪ ಚಿರತೆ ಕಥೆ ಹೇಳು ಅಂತ ಕೂಗಿದ.

ಎದ್ದು ನಿಂತೆ.

ಚಿರತೆ ಎದುರಾಗಿದ್ದು ಚನ್ನಪ್ಪನಿಗೆ, ನನಗಲ್ಲ, ಅಲ್ಲಿಂದ ಶುರು ಮಾಡಿದೆ. ಜನ ನಕ್ಕರು. ಆಮೇಲೆ ಅಕ್ಟೋಬರ್ ಐದನೇ ತಾರೀಕಿನದ್ದು ಹೇಳಿದೆ. ಅದಕ್ಕೆ ಮುಂಚೆ ಮೂರು ವಾರ ಅಮರನ ಹಿಂದೆ ಉಳಿದು ಹೊಟ್ಟೆ ಉರೀತಿತ್ತು ಅಂದೆ. ಕಾಲಲ್ಲಿ ತಳ್ಳಿದ್ದು, ಹಾರಿದ್ದು, ಟೆಂಪೋ ಹತ್ತಿರ ಎರಡು ಬಾಳೆಹಣ್ಣು ತಿಂದಿದ್ದು, ಅವನು ಬಾರದಾಗ ಹೋಗಿ ಹೆಸರು ಕೂಗೋ ಮುಂಚೆ ಸೊಪ್ಪು ವಾಪಸ್ ಇಟ್ಟಿದ್ದು. ದನ ಕಾಯೋ ಹುಡುಗ್ರೂ ಮಾಡದ ಕೆಲಸ ನಾನು ಮಾಡಿದೆ ಅಂದೆ. ಅಷ್ಟೊತ್ತಿಗೆ ಯಾರೂ ನಗ್ತಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಒಲೆ ಮೇಲಿನ ಇಡ್ಲಿ ಮರೆತು ನಿಂತಿದ್ದಳು.

ಅನುಶ್ರೀ ನನ್ನ ನೋಡಿದಳು. ಅವಳಿಂದ ಅಮರನಿಗೆ ಸುಳ್ಳು ಹೇಳಿಸಿದ್ದೂ ನಾನೇ ಅಂತ ಅವಳಿಗೆ ಆಗ ಅರ್ಥ ಆಗಿರಬೇಕು. ಎದ್ದು ಹೊರಗೆ ಹೋದಳು.

ಅಮರ ಎದ್ದು ಬಂದ. ಹತ್ತಿರಕ್ಕೆ ಬಂದು ನನ್ನ ಮುಖವನ್ನೇ ನೋಡಿದ, ಆಮೇಲೆ ಸುತ್ತ ಕೂತ ಊರವರನ್ನ ನೋಡಿದ. ನಾನು ಇಷ್ಟು ಜನದ ಮುಂದೆ ಇದನ್ನ ಸುಮ್ಮಸುಮ್ಮನೆ ಹೇಳುವವನಲ್ಲ ಅಂತ ಅವನು ಲೆಕ್ಕ ಹಾಕಿದ್ದು ನನಗೆ ಕಾಣಿಸಿತು. ಅವನ ಮುಖದ ಬಣ್ಣ ಬದಲಾಯಿತು.

"ನಿಜವಾಗ್ಲೂ ನೀನೇನಾ?"

"ನಾನೇ ಕಣ್ಲಾ."

ಹೊಡೀತಾನೆ ಅಂದುಕೊಂಡೆ. ಹೊಡೆಯಲಿಲ್ಲ. ನಿಧಾನಕ್ಕೆ, ನನಗೊಬ್ಬನಿಗೇ ಕೇಳೋ ಹಂಗೆ ಹೇಳಿದ.

"ಆರು ವಾರ ಕಣೋ ದೇವ. ದಿನಾ ಬೆಳಿಗ್ಗೆ ಎಚ್ಚರ ಆದ ತಕ್ಷಣ ಕಣ್ಣು ಮುಚ್ಕೊಂಡೇ ಮೊಮ್ಮಗಳ ಹೆಸರು ನೆನೆಸ್ಕೋತಿದ್ದೆ. ಬರೋ ತನಕ ಕಣ್ಣು ಬಿಡ್ತಿರ್ಲಿಲ್ಲ."

ಅಷ್ಟು ಹೇಳಿ ಹೊರಟ. ಬಾಗಿಲಲ್ಲಿ ನಿಂತು ಆಟೋದವನಿಗೆ ಮನೆಯ ದಾರಿ ಹೇಳಿದ. ಎರಡನೇ ಕ್ರಾಸು, ಹಸಿರು ಗೇಟು, ಎದುರಿಗೆ ಟ್ರಾನ್ಸ್‌ಫಾರ್ಮರ್. ಗಟ್ಟಿ ಗಂಟಲಲ್ಲಿ ಹೇಳಿದ. ನೀಲಾಂಬಿಕೆ ಸೆರಗಿಂದ ಬಾಯಿ ಮುಚ್ಚಿಕೊಂಡು ಹಿಂದೆ ಹೋದರು.

ಪೇಟ ತೆಗೆದು ಬೆಂಚಿನ ಮೇಲೆ ಇಟ್ಟು ಮನೆಗೆ ನಡೆದೆ. ಪ್ರೇಮ ಅನ್ನ ಮಾಡಿದ್ದಳು.

ನವೆಂಬರ್ 18, ಮಂಗಳವಾರ

ಡೈರಿಯಲ್ಲಿ ಯಾರೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಹಾಲು ಅಳೆಯುವಾಗ ಮಾತ್ರ ಎಲ್ಲರೂ ನನ್ನ ಕೈ ನೋಡುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ನೋಡಲಿ.

ನವೆಂಬರ್ 21, ಶುಕ್ರವಾರ

ಚನ್ನಪ್ಪ ಹಾಸನಕ್ಕೆ ಹೋಗಿ ಬಂದ. ಅಮರ ಸ್ಕೂಟರಲ್ಲಿ ಅಂಗಡಿಗೆ ಬಂದಿದ್ದನಂತೆ. ಡಬ್ಬಿಗಳ ಮೇಲಿನ ಚೀಟಿ ಒಂದೊಂದೇ ಉಗುರಿಂದ ಕೀಳ್ತಾ ಕೂತಿದ್ದನಂತೆ. ನನ್ನ ಬಗ್ಗೆ ಏನಾದರೂ ಕೇಳಿದ್ನಾ ಅಂತ ನಾನು ಕೇಳಲಿಲ್ಲ. ಚನ್ನಪ್ಪನೇ ಇಲ್ಲ ಅಂದ.

ನವೆಂಬರ್ 30, ಭಾನುವಾರ

ಮೈಸೂರಿನ ಓಟ ಇವತ್ತು. ನಾನು ಹೋಗಲಿಲ್ಲ. ಬರಬೇಡಿ ಅಂತ ಯಾರೂ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ಅನುಶ್ರೀ ಫೋನ್ ಮಾಡಿದಳು. ಆವತ್ತಿನಿಂದ ಇದೇ ಮೊದಲು. ನಾಲ್ಕು ಗಂಟೆ ಐವತ್ತು ನಿಮಿಷದಲ್ಲಿ ಮುಗಿಸಿದಳಂತೆ. ಅಮರನೂ ಹೋಗಿದ್ದನಂತೆ, ಓಡೋಕಲ್ಲ. ಆರು ವಾರ ಓಡದ ಕಾಲು ಎರಡು ವಾರದಲ್ಲಿ ನಲವತ್ತೆರಡು ಕಿಲೋಮೀಟರ್ ಎಲ್ಲಿ ಓಡುತ್ತೆ. ಮೂವತ್ತನೇ ಕಿಲೋಮೀಟರಿನ ಹತ್ತಿರ ನೀರಿನ ಬಾಟಲಿ ಹಿಡಿದು ನಿಂತಿದ್ದನಂತೆ. ಮುಂದಿನ ವರ್ಷ ಅಂಕಲ್ ಅಂದಿದ್ದಕ್ಕೆ, ಮುಂದಿನ ವರ್ಷಕ್ಕೆ ನಂಗೆ ಐವತ್ತೊಂಬತ್ತು ಮಗಾ ಅಂದನಂತೆ.

ಕಾಲು ನೋಯ್ತಿದೆಯಾ ಅಂತ ಅನುಶ್ರೀನ ಕೇಳಿದೆ. ನೋಯ್ತಿದೆ ಅಂದಳು. ಬಿಸಿನೀರಲ್ಲಿ ಇಡು ಅಂದೆ. ಸರಿ ಮಾವ ಅಂದಳು.

ಡಿಸೆಂಬರ್ 7, ಭಾನುವಾರ

ಬೆಳಗಿನ ಜಾವ ಚಳಿ. ಪ್ರೇಮಳಿಗೆ ಮಲಗು ಅಂತ ಹೇಳಿ ಡೈರಿ ಬಾಗಿಲು ನಾನೇ ತೆಗೆದೆ. ಕ್ಯಾನುಗಳನ್ನ ಸಾಲಾಗಿ ಇಡುವಾಗ ಕಾರು ಬಂದು ಆಲದ ಮರದ ಹತ್ತಿರ ನಿಂತಿದ್ದು ಕೇಳಿಸಿತು. ಹೊರಗೆ ಬರಲಿಲ್ಲ. ದೀಪ ಹಾಕಿರಲಿಲ್ಲ, ಹಾಕೋದು ಬೇಡ ಅನಿಸಿತು.

ಮೂರು ಜೊತೆ ಹೆಜ್ಜೆ. ಮೇಷ್ಟ್ರದ್ದು ಮೊದಲು, ಹಗುರ. ಆಮೇಲೆ ಅನುಶ್ರೀದು. ಅದರ ಹಿಂದೆ ಅಮರನದ್ದು. ಬಲಗಾಲು ನೆಲಕ್ಕೆ ಸ್ವಲ್ಪ ಉಜ್ಜುತ್ತೆ, ಕತ್ತಲಲ್ಲೂ ಗುರುತು ಹಿಡೀತೀನಿ. ಡೈರಿ ಮುಂದೆ ಬಂದಾಗ ಅನುಶ್ರೀದು ಒಂದು ಗಳಿಗೆ ನಿಧಾನ ಆಯಿತು. ಅಮರನದ್ದು ಆಗಲಿಲ್ಲ. ಅದೇ ವೇಗದಲ್ಲಿ ದಾಟಿಕೊಂಡು ಹೋಯಿತು. ಮುಂದೆ ಏರು ಶುರುವಾದ ಕಡೆ ಅವನು ಏನೋ ಅಂದ, ಅನುಶ್ರೀ ನಕ್ಕಳು.

ಅವನು ಒಳ್ಳೇ ಓಟಗಾರ. ಮೊದಲಿಂದ್ಲೂ ನನಗಿಂತ ಒಳ್ಳೇ ಓಟಗಾರ.

ಹಾಲು ಹಾಕೋಕೆ ಮೊದಲ ಹೆಂಗಸು ಬಂದು ಯಾಕೆ ಸೆಕ್ರೆಟರಿ, ಕತ್ತಲಲ್ಲಿ ನಿಂತಿದ್ದೀರಿ ಅನ್ನೋವರೆಗೂ ಆ ಹೆಜ್ಜೆ ಕೇಳಿಸಿಕೊಳ್ತಾ ನಿಂತಿದ್ದೆ.